ಗೆದ್ದಷ್ಟು ದಿನ

ಬ್ಯಾಸ್ಕೆಟ್‌ಬಾಲ್ ಹಿಡಿಯುವಾಗ ಅಂಗೈ ಚೆಂಡಿಗೆ ಅಂಟಬಾರದು, ಬೆರಳುಗಳಷ್ಟೇ ತಾಗಬೇಕು ಎಂದು ನಾನು ಹೇಳಿದಾಗ ನೀವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕಿರಿ. ಅಜ್ಜಿ ರೊಟ್ಟಿ ತಟ್ಟುವ ವಿಷಯ ಹೇಳುತ್ತಿದ್ದಾಳೆ ಅಂದುಕೊಂಡಿರೇನೋ. ಎದುರಿಗೆ ಕೂತು ವಿವರಿಸಲು ನನಗೆ ಬರುವುದಿಲ್ಲ. ನಾಲ್ಕು ಜನ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುವ ಸ್ವಭಾವ ಈ ವಯಸ್ಸಿಗೂ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಆಟದ ಮೊದಲ ಪಾಠ ಸಿಕ್ಕಂತಾಗಲಿ, ನನ್ನ ಹತ್ತಿರ ಆಡಿದ ಹಟ್ಟಿಯ ಹುಡುಗಿಯೊಬ್ಬಳ ವಿಷಯವೂ ಒಂದು ಕಡೆ ಉಳಿಯಲಿ.

ನಾನಾಗ ಹೊಸದುರ್ಗದ ಹತ್ತಿರ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರು. ಎಪ್ಪತ್ತರ ದಶಕದ ನಡುವಿನ ಕಾಲ. ಎಲ್ಲಿಂದಲೋ ಶಾಲೆಗೆ ಒಂದು ಚೆಂಡು, ಎರಡು ಕಬ್ಬಿಣದ ಬಳೆ ಬಂದವು. ಗಂಡುಮಕ್ಕಳ ಶಾಲೆಯ ಡ್ರಿಲ್ ಮೇಷ್ಟ್ರು ಸಂಜೆ ಹೊತ್ತು ಬಂದು ಕಂಬ ನೆಡಿಸಿ, ಹಲಗೆ ಹೊಡೆಸಿ, ಅದಕ್ಕೆ ಬಳೆ ಕೂರಿಸಿ ಆಟ ಶುರು ಮಾಡಿಸಿದರು. ಹುಡುಗಿಯರ ಜೊತೆ ಹೆಂಗಸೊಬ್ಬಳಿರಲಿ ಎಂದು ನನ್ನನ್ನು ಕಂಬದ ಪಕ್ಕ ಕೂರಿಸಿದ್ದರು. ನಾನು ಕಾಜ ಹೊಲಿಯುತ್ತ ನೋಡುತ್ತಿದ್ದೆ. ಆಟ ಒಂದು ಹದಕ್ಕೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಹಿರಿಯೂರಿಗೆ ವರ್ಗವಾಯಿತು.

ಹೆಡ್ ಮಿಸ್ಟ್ರೆಸ್ಸು ನನ್ನನ್ನು ಕರೆದರು. "ಇನ್ ಮೇಲೆ ನೀವೇ ನೋಡ್ಕಳ್ರಿ. ಸಂಕ್ರಾಂತಿ ಕಳೆದ ಮೇಲೆ ದುರ್ಗದಲ್ಲಿ ಜಿಲ್ಲಾ ಪಂದ್ಯ ಐತೆ."

"ನಂಗೆ ಆಟ ಬರಲ್ಲ ಮೇಡಂ."

"ಹೊಲಿಗೆ ಏನು ಹುಟ್ಟಿದಾಗ್ಲೇ ಬಂದಿತ್ತಾ? ದುರ್ಗಕ್ಕೆ ಹುಡ್ಗೀರನ್ನ ಕರ್ಕಂಡು ಹೋಗಾಕೆ ಹೆಂಗ್ಸೇ ಬೇಕು. ಮಿಕ್ಕೋರಿಗೆಲ್ಲ ಮನೇಲಿ ಕೂಸು ಅವೆ. ನಿಮಗಿನ್ನೂ ಇಲ್ಲವಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಕೊನೆಯ ಮಾತು ಮನೆಯವರೆಗೂ ನನ್ನ ಜೊತೆಗೇ ನಡೆದು ಬಂತು. ನಿಮ್ಮ ತಾತ ಆಗ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತರು. ಕೇಳಿಸಿಕೊಂಡು, "ಹೊಲಿಗೆ ಮಿಷನ್ನಿಗೂ ಮೊದ್ಲು ಹೆದ್ರಿದ್ದೆ ನೀನು. ಚೆಂಡಿಗೆ ಸೂಜಿನೂ ಇಲ್ಲ" ಎಂದರು. ಅಷ್ಟೇ ಹೇಳಿದ್ದು. ಮಾರನೆಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಇಳಿದೆ.

ಮೊದಲ ತೊಂದರೆ ನೆಲದ್ದು. ಚೆಂಡು ಪುಟಿಯಬೇಕಾದರೆ ನೆಲ ಗಟ್ಟಿಯಿರಬೇಕು, ಸಮವಿರಬೇಕು. ನಮ್ಮದು ಹುಡಿಮಣ್ಣು, ನಡುವೆ ಗರಸು ಕಲ್ಲು. ಚೆಂಡು ಬಿದ್ದಲ್ಲೇ ಮಲಗುತ್ತಿತ್ತು. ಹುಡುಗಿಯರಲ್ಲಿ ಹೆಚ್ಚಿನವರು ಒಕ್ಕಲು ಮನೆಯವರು, ಅವರಿಗೆ ಹೊಳೆದದ್ದು ಒಂದೇ ದಾರಿ: ಕಣ ಮಾಡುವುದು. ರಾಗಿ ಒಕ್ಕಲು ಮಾಡುವ ಕಣದ ಹಾಗೆಯೇ ನೀರು ಹೊಯ್ದು, ತುಳಿದು, ಕಲ್ಲಿನ ಗುಂಡು ಎಳೆಸಿ, ಮೇಲೆ ಸಗಣಿ ಬಗ್ಗಡ ಬಳಿದೆವು. ಒಣಗಿದ ಮೇಲೆ ಮುಸ್ಸಂಜೆಯ ಬೆಳಕಿಗೆ ಅದು ನೀರಿನ ಹಾಗೆ ಕಾಣುತ್ತಿತ್ತು. ಚೆಂಡು ಹಗುರಾಗಿ ಮೇಲೇಳುತ್ತಿತ್ತು. ಪ್ರತಿ ಶನಿವಾರ ಮತ್ತೆ ಬಳಿಯುತ್ತಿದ್ದೆವು.

ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವುದಿಲ್ಲ. ಹುಡುಗಿಯರೂ ಇಡಲಿಲ್ಲ. ಬರಿಗಾಲಲ್ಲೇ ಆಡಿದರು, ನನಗೂ ಅದು ಸಹಜವಾಗಿಯೇ ಕಂಡಿತು. ಗೆರೆಗಳನ್ನು ರಂಗೋಲಿ ಹುಡಿಯಲ್ಲಿ ಎಳೆದದ್ದು ಮಾತ್ರ ನಗೆಪಾಟಲಾಯಿತು. ರಂಗೋಲಿ ತುಳಿಯಬಾರದೆಂದು ಬೆಳೆದ ಹುಡುಗಿಯರು, ಚೆಂಡು ಹಿಡಿದು ಓಡಿ ಬಂದು ಗೆರೆ ಕಂಡ ಕೂಡಲೇ ಹಾರುತ್ತಿದ್ದರು. ಆಮೇಲೆ ಒಲೆಯ ಬೂದಿಯಲ್ಲಿ ಗೆರೆ ಹಾಕಿದೆ. ಬೂದಿಗೆ ಯಾರೂ ಹಾರಲಿಲ್ಲ.

ಈಗ ಪಾಠಕ್ಕೆ ಬರುತ್ತೇನೆ. ಹಿಡಿಯುವುದನ್ನು ನಾನು ಕಲಿಸಲಿಲ್ಲ, ಅವರಿಗೆ ಬರುತ್ತಿತ್ತು. ನಮ್ಮ ಕಡೆ ಲಾರಿಗೆ ಕಾಯಿ ತುಂಬುವಾಗ ಜನ ಸಾಲಾಗಿ ನಿಂತು ಒಬ್ಬರಿಂದೊಬ್ಬರಿಗೆ ಎಸೆಯುತ್ತಾರೆ. ಬರುವ ಕಾಯಿಗೆ ಕೈ ಅಡ್ಡ ಒಡ್ಡಿದರೆ ಬೆರಳು ಮುರಿಯುತ್ತದೆ. ಕೈ ಮುಂದೆ ಚಾಚಿ, ಕಾಯಿ ತಾಗಿದ ಕೂಡಲೇ ಅದರ ಜೊತೆಗೇ ಎದೆಯ ಕಡೆ ಎಳೆದುಕೊಳ್ಳಬೇಕು. ಚೆಂಡೂ ಹಾಗೆಯೇ. ಕೊಡುವಾಗ ಎದೆಯ ಹತ್ತಿರದಿಂದ ಎರಡೂ ಕೈ ನೇರ ತಳ್ಳಿ, ಕೊನೆಗೆ ಹೆಬ್ಬೆರಳು ಕೆಳಗೆ ತಿರುಗಬೇಕು. ಒಂದು ಹೆಜ್ಜೆ ಮುಂದಿಟ್ಟು ಕೊಟ್ಟರೆ ಬಲ ಬರುತ್ತದೆ.

ಚೆಂಡು ಕೈಯಲ್ಲಿರುವಾಗ ಅದನ್ನು ನೆಲಕ್ಕೆ ಪುಟಿಸದೆ ನಡೆಯುವಂತಿಲ್ಲ. ಆದರೆ ಒಂದು ಕಾಲು ಊರಿ, ಇನ್ನೊಂದು ಕಾಲನ್ನು ಎತ್ತ ಬೇಕಾದರೂ ತಿರುಗಿಸಬಹುದು. ಮೇಷ್ಟ್ರು ಇದಕ್ಕೆ ಪಿವಟ್ ಎನ್ನುತ್ತಿದ್ದರು. ನಾನು ಬೀಸುವ ಕಲ್ಲು ಎಂದೆ. ಊರಿದ ಕಾಲು ನಡುವಿನ ಗೂಟ, ಅದು ಜಾಗ ಬಿಡಬಾರದು. ಮೈ ಮೇಲಿನ ಕಲ್ಲು, ಅದು ಸುತ್ತಬೇಕು. ಪುಟಿಸುವಾಗ ಚೆಂಡನ್ನು ಬಡಿಯಬಾರದು, ಬೆರಳ ತುದಿಯಿಂದ ಒತ್ತಬೇಕು, ಕಣ್ಣು ಚೆಂಡಿನ ಮೇಲಿರಬಾರದು. ಬಳೆಗೆ ಹಾಕುವಾಗ ಶಕ್ತಿ ಮೊಣಕಾಲಿಂದ ಬರಬೇಕು, ತೋಳಿಂದಲ್ಲ.

ಎದುರಾಳಿಯನ್ನು ತಡೆಯುವುದನ್ನು ಮಾತ್ರ ನಾವೆಲ್ಲ ಹಟ್ಟಿಯ ಹುಡುಗಿಯಿಂದ ಕಲಿತೆವು.

ಅವಳ ಮನೆ ಊರಾಚೆ ಕುರಿ ಸಾಕುವವರ ಹಟ್ಟಿಯಲ್ಲಿ. ಒಂಬತ್ತನೆಯ ತರಗತಿ. ಉದ್ದ ಕೈ, ಬಿಗಿದು ಕಟ್ಟಿದ ಜಡೆ, ಮಾತು ಕಡಿಮೆ. ನನ್ನಂತೆಯೇ ಸಂಕೋಚದವಳು ಅಂದುಕೊಂಡಿದ್ದೆ, ಚೆಂಡು ಕೈಗೆ ಬರುವವರೆಗೆ. ಅವಳ ಎದುರಿಗೆ ಯಾರೂ ನುಸುಳಲಾಗುತ್ತಿರಲಿಲ್ಲ. ಹೇಗೆ ಎಂದು ಕೇಳಿದೆ.

"ಓಡೋ ಕುರಿ ತಲೆ ಅತ್ಲಾಗ್ ಮಾಡಿ ಇತ್ಲಾಗ್ ನುಗ್ತೈತೆ ಟೀಚರ್. ತಲೆ ನೋಡಿದ್ರೆ ಮೋಸ ಹೋಗ್ತೀವಿ. ಹೊಟ್ಟೆ ನೋಡ್ಬೇಕು. ಹೊಟ್ಟೆ ಸುಳ್ಳು ಹೇಳಲ್ಲ."

ಮಂಡಿ ಸಾಹುಕಾರರ ಮಗಳು ನಮ್ಮ ತಂಡದ ನಾಯಕಿ, ಬಾಯಿ ಜೋರು. "ಲೇ ಹಟ್ಟಿ, ಅದು ಚೆಂಡು ಕಣೇ, ಕುರಿಮರಿ ಅಲ್ಲ. ಅಪ್ಕಬ್ಯಾಡ!" ಎಂದು ಕೂಗುವಳು.

"ನಿಮ್ಮಪ್ಪನ ಕಾಯಿನೂ ಅಲ್ಲ, ನೀನೊಬ್ಳೇ ಇಟ್ಕಳ್ಳಾಕೆ. ಇತ್ಲಾಗೂ ಕೊಡು!"

ಇಬ್ಬರೂ ಜಗಳವಾಡಿಕೊಂಡೇ ಒಬ್ಬರಿಗೊಬ್ಬರು ಚೆಂಡು ಕೊಡುತ್ತಿದ್ದರು. ನೋಡದೆಯೂ ಕೊಡುತ್ತಿದ್ದರು.

ಪಂದ್ಯ ಹತ್ತಿರ ಬಂದಾಗ ಅವಳ ಅಪ್ಪ ಶಾಲೆಗೆ ಬಂದ. ಒಳಗೆ ಬಾ ಎಂದರೆ ಬರದೆ ಬೇಲಿಯ ಆಚೆಯೇ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನಿಂತ. ಸುಗ್ಗಿ ಮುಗಿದ ಮೇಲೆ ಹಟ್ಟಿಯವರು ಮಂದೆ ಹೊಡೆದುಕೊಂಡು ಕಾಲುವೆ ಸೀಮೆಯ ಗದ್ದೆಗಳ ಕಡೆ ಹೋಗುತ್ತಾರೆ, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಾರೆ. ಹಿಂದಿನ ವರ್ಷಗಳಲ್ಲಿ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು. ಆ ವರ್ಷ ಅಜ್ಜಿ ತೀರಿಹೋಗಿದ್ದಳು.

"ಮರಿ ಬಾಳ ಹಾಕ್ಯವೆ ತಾಯಿ. ಕೈ ಸಾಲ್ದು. ಇವ್ಳು ಬರ್ಬೇಕು."

"ಪರೀಕ್ಷೆ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನು ಮಗಳ ಕಡೆ ನೋಡಿದ. ಹುಡುಗಿ ಬೇಲಿಯ ಈಚೆ ನಿಂತಿದ್ದಳು. "ಅಪ್ಪ, ಆಟ ಆಡಿ ಬತ್ತೀನಿ. ಆಟ ಆಡ್ಸಿ ಕರ್ಕಂಡೋಗು" ಎಂದಳು. ಅವನು ಕೋಲಿನ ತುದಿಯಿಂದ ನೆಲ ಕೆರೆದ. ಮಂದೆ ಮೊದಲು ಹೊಳಲ್ಕೆರೆ ಬಯಲಿನಲ್ಲಿ ತಂಗುತ್ತದೆ, ದುರ್ಗದಿಂದ ಬರುವ ಸಂಜೆ ಬಸ್ಸು ಅದೇ ರಸ್ತೆಯಲ್ಲಿ ಹಾಯುತ್ತದೆ. ಕೊನೆಗೆ ಹೇಳಿದ: "ಗೆದ್ದಷ್ಟು ದಿನ ಆಡು. ಸೋತ ದಿನ ಬಸ್ ಇಳಿ. ನೀನು ಇಳಿಯೋಗಂಟ ಮಂದೆ ಎಬ್ಸಲ್ಲ."

ನನಗೆ ಅಲ್ಲಿಯವರೆಗೆ ಗೆಲುವು ಸೋಲಿನ ಮೇಲೆ ಆಸೆಯಿರಲಿಲ್ಲ. ಹುಡುಗಿಯರನ್ನು ಸುರಕ್ಷಿತವಾಗಿ ಕರೆದೊಯ್ದು ಕರೆತಂದರೆ ಸಾಕು ಅನ್ನಿಸುತ್ತಿತ್ತು. ಆ ದಿನದಿಂದ ಗೆಲ್ಲಲೇಬೇಕು ಅನ್ನಿಸತೊಡಗಿತು.

ದುರ್ಗದ ಅಂಕಣ ಸಿಮೆಂಟಿನದು. ನಾನು ಅಂಥದ್ದನ್ನು ನೋಡಿರಲಿಲ್ಲ, ಹುಡುಗಿಯರೂ ನೋಡಿರಲಿಲ್ಲ. ಎದುರಿನ ಹುಡುಗಿಯರೆಲ್ಲ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಅಲ್ಲಿಯ ಮೇಷ್ಟ್ರೊಬ್ಬರು ಮರುಕಪಟ್ಟು ಹಳೆಯ ಬೂಟುಗಳ ಚೀಲ ತಂದುಕೊಟ್ಟರು. ನಮ್ಮವರು ಹಾಕಿಕೊಂಡು, ಕೆಸರಲ್ಲಿ ಸಿಕ್ಕ ಎಮ್ಮೆಯ ಹಾಗೆ ಕಾಲು ಕಿತ್ತು ಕಿತ್ತು ಇಟ್ಟು, ಒಬ್ಬರನ್ನೊಬ್ಬರು ನೋಡಿ ನಕ್ಕು, ಬಿಚ್ಚಿಟ್ಟರು.

ಸೀಟಿ ಊದಿದ ಮೇಲೆ ನಗು ಹೋಯಿತು. ಸಗಣಿ ಸಾರಿಸಿದ ನೆಲ ಚೆಂಡಿನ ರಭಸವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ನಮ್ಮ ಹುಡುಗಿಯರು ಅದಕ್ಕೆ ತಕ್ಕಂತೆ ಜೋರಾಗಿ ಒತ್ತಲು ಕಲಿತಿದ್ದರು. ಸಿಮೆಂಟು ಏನನ್ನೂ ನುಂಗಲಿಲ್ಲ. ಚೆಂಡು ಸೊಂಟದ ಹತ್ತಿರ ಸಿಗಬೇಕಾದದ್ದು ಮುಖಕ್ಕೆ ಬಂತು. ನಾಯಕಿಯ ಗದ್ದಕ್ಕೆ ಬಡಿದು ತುಟಿ ಒಡೆಯಿತು. ಪುಟಿಸಿದ್ದೆಲ್ಲ ಎದುರಿನವರ ಪಾಲಾಯಿತು. ಸುತ್ತ ನಿಂತ ಹುಡುಗರು, "ಹೊಸದುರ್ಗದೋರು ಕಾಯಿ ಸುಲೀರಪ್ಪ, ಆಟ ಯಾಕೆ!" ಎಂದು ಕೂಗಿದರು.

ಅರ್ಧ ಆಟದ ವಿರಾಮದಲ್ಲಿ ಹುಡುಗಿಯರು ನನ್ನ ಸುತ್ತ ಕೂತರು. ಹಟ್ಟಿಯ ಹುಡುಗಿ ಬಿಸಿಲಿನ ಎತ್ತರ ನೋಡುತ್ತಿದ್ದಳು. ಸಂಜೆ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಏನಾದರೂ ಹೇಳಬೇಕಿತ್ತು. ಆ ಕೂಗನ್ನೇ ಹಿಡಿದುಕೊಂಡೆ.

"ಅವ್ರು ಹೇಳಿದ್ದು ಸರಿ ಐತೆ. ಕಾಯಿನೇ ಎಸೀರಿ. ಇನ್ನು ಚೆಂಡು ನೆಲಕ್ಕೆ ಮುಟ್ಟಬಾರ್ದು."

"ಪುಟಿಸಬಾರ್ದಾ ಟೀಚರ್?" ನಾಯಕಿ ತುಟಿ ಒತ್ತಿಕೊಂಡೇ ಕೇಳಿದಳು.

"ಒಂದ್ ಸಲಾನೂ ಬ್ಯಾಡ. ಲಾರಿ ತುಂಬಿದಂಗೆ ಕೈಯಿಂದ ಕೈಗೆ. ದಾರಿ ಕಾಣದಿದ್ರೆ ಬೀಸೋ ಕಲ್ಲು ಸುತ್ರಿ, ಯಾರಾದ್ರೂ ಸಿಕ್ತಾರೆ."

ನಡುವೆ ಹಟ್ಟಿಯ ಹುಡುಗಿಯನ್ನು ನಿಲ್ಲಿಸಿದೆ. ಎಲ್ಲರೂ ಅವಳಿಗೆ ಕೊಡುವುದು, ಅವಳು ಬಲಗಾಲು ಊರಿ ಸುತ್ತಿ, ಎದುರಿನವರು ದಾರಿ ಬಿಟ್ಟಿದ್ದ ಕಡೆ ಕೊಡುವುದು. ಎದುರಿನವರು ಪುಟಿಯುವ ಚೆಂಡನ್ನು ಕಸಿಯಲು ಬಗ್ಗಿ ಕಾಯುತ್ತಿದ್ದರು. ಚೆಂಡು ಅವರ ತಲೆಯ ಮಟ್ಟದಲ್ಲೇ ಹಾರಾಡಿತು. ಅವರಿಗೆ ಅರ್ಥವಾಗುವಷ್ಟರಲ್ಲಿ ನಾವು ಸರಿಸಮ ಬಂದಿದ್ದೆವು. ಕೊನೆಯ ಚೆಂಡು ಹಲಗೆಗೆ ಬಡಿದು ಬಳೆಯೊಳಗೆ ಇಳಿದು ನಾವು ಗೆದ್ದಾಗ ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಹುಡುಗಿಯರು ಅದನ್ನೇ ಹೇಳಿ ಹೇಳಿ ನಕ್ಕರು.

ಗೆದ್ದದ್ದರಿಂದ ಆ ರಾತ್ರಿ ದುರ್ಗದಲ್ಲೇ ಉಳಿಯಬೇಕಿತ್ತು. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ಹೋದಾಗ ಹೊಸದುರ್ಗದ ಬಸ್ಸು ಹೊರಟಿತು. ಹಟ್ಟಿಯ ಹುಡುಗಿ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, "ಅಪ್ಪ ಈಗ ರಸ್ತೇಲಿ ನಿಂತಿರ್ತೈತೆ. ಬಸ್ ನಿಲ್ದಲೇ ಹೋಗ್ತೈತೆ!" ಎಂದಳು. ಅಷ್ಟು ಸಂತೋಷದ ಮುಖವನ್ನು ನಾನು ಆಮೇಲೆ ನಿಮ್ಮಮ್ಮ ಹುಟ್ಟಿದ ದಿನ ನಿಮ್ಮ ತಾತನಲ್ಲಿ ಮಾತ್ರ ಕಂಡೆ.

ಮಾರನೆಯ ದಿನದ ಆಟವೂ ಹಾಗೆಯೇ ಶುರುವಾಯಿತು. ಪುಟಿಸಲಿಲ್ಲ. ನಾವೇ ಸ್ವಲ್ಪ ಮುಂದಿದ್ದೆವು. ಹಟ್ಟಿಯ ಹುಡುಗಿ ನಡುವೆ ನಿಂತು ಸುತ್ತುತ್ತಿದ್ದಳು. ಅವಳು ಸುತ್ತಿದ ಜಾಗದಲ್ಲಿ ಸಿಮೆಂಟಿನ ಮೇಲೆ ಕುಂಕುಮ ಚೆಲ್ಲಿದಂತೆ ಕಲೆ ಕಂಡಿತು. ಮೊದಲು ಯಾರದೋ ಹಣೆಯದು ಅಂದುಕೊಂಡೆ. ಆಮೇಲೆ ಇನ್ನೊಂದು ಕಡೆಯೂ ಕಂಡಿತು.

ವಿರಾಮದಲ್ಲಿ ಅವಳ ಬಲಗಾಲು ಎತ್ತಿ ನೋಡಿದೆ. ಊರಿ ಸುತ್ತುವ ಮುಂಗಾಲಿನ ಚರ್ಮ ಸುಲಿದು ಹೋಗಿತ್ತು. ಬೀಸುವ ಕಲ್ಲಿನ ಗೂಟ ಸವೆದಂತೆ, ಹಿಂದಿನ ದಿನದಿಂದ ಒಂದೇ ಜಾಗ ಆ ಒರಟು ಸಿಮೆಂಟಿಗೆ ಉಜ್ಜಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

ಹೊಲಿಗೆಯವಳು ನಾನು, ಸೂಜಿ ದಾರ ಯಾವಾಗಲೂ ಚೀಲದಲ್ಲಿರುತ್ತಿತ್ತು. ಚೆಂಡಿನ ಕ್ಯಾನ್ವಾಸ್ ಚೀಲ ಕತ್ತರಿಸಿ, ಮಡಿಚಿ, ಪಾದಕ್ಕೆ ಅಟ್ಟೆಯ ಹಾಗೆ ಕಟ್ಟಿ, ಹಿಮ್ಮಡಿಯ ಹತ್ತಿರ ಬೇಗ ಬೇಗ ಹೊಲಿದೆ. ಆ ಕೆಲಸ ನನ್ನದು. ಆಟ ಮತ್ತೆ ಶುರುವಾಯಿತು. ಅವಳು ಸುತ್ತಲು ಹೋದಳು, ಬಟ್ಟೆ ಸಿಮೆಂಟಿನ ಮೇಲೆ ಜಾರಿತು, ಬಿದ್ದಳು. ಕೂತಲ್ಲೇ ಕಾಲು ಎಳೆದುಕೊಂಡು ಹಲ್ಲಿನಿಂದ ದಾರ ಕಚ್ಚಿ, ಬಟ್ಟೆ ಕಿತ್ತೆಸೆದು, ಎದ್ದು ಬರಿಗಾಲಲ್ಲಿ ಮತ್ತೆ ಊರಿ ನಿಂತಳು. ಜನ ಚಪ್ಪಾಳೆ ತಟ್ಟಿದರು.

ನಾನು ಆ ಕಾಲನ್ನೇ ನೋಡುತ್ತಿದ್ದೆ. ಈ ಆಟ ಗೆದ್ದರೆ ಅವಳಿಗೆ ಇನ್ನೊಂದು ದಿನ. ಆ ದಿನ ಕಳೆದ ಮೇಲೆ ಮಂದೆಯ ಹಿಂದೆ ಕಾಲುವೆ ಸೀಮೆಯವರೆಗೆ, ಮಳೆಗಾಲದವರೆಗೆ, ಕಲ್ಲು ಮುಳ್ಳಿನ ಮೇಲೆ ನಡೆಯಬೇಕಾದದ್ದು ಇದೇ ಕಾಲು. ಅವಳನ್ನು ಹೊರಗೆ ಕರೆದರೆ ಸೋಲುತ್ತೇವೆ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಎದ್ದು ಅಷ್ಟೂ ಜನರ ಮುಂದೆ ಅಂಕ ಬರೆಯುವವರ ಮೇಜಿನವರೆಗೆ ನಡೆದು ಹೋಗಿ, ಆಟಗಾರ್ತಿ ಬದಲಾಗಬೇಕು ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ.

ಅವಳು ಹೊರಗೆ ಬರಲಿಲ್ಲ. ಗೆರೆಯ ಮೇಲೆ ನಿಂತು, "ನೋವಿಲ್ಲ ಟೀಚರ್. ಅಮ್ಮನಾಣೆ ನೋವಿಲ್ಲ. ಕೂರ್ಸಬ್ಯಾಡ್ರಿ" ಎಂದಳು.

"ಬಾ ಮಗ."

"ಕಾಲು ನಂದು ಟೀಚರ್!"

ನಾನು ಗೆರೆಯವರೆಗೆ ಹೋದೆ. ಕೈ ಹಿಡಿದು ಕರೆತಂದೆ. ನಾಯಕಿ ಅಳುತ್ತಲೇ ಆಡಿದಳು. ನಡುವೆ ನಿಂತು ಸುತ್ತುವವರಿಲ್ಲದೆ ಚೆಂಡಿಗೆ ದಾರಿ ಸಿಗಲಿಲ್ಲ, ಮತ್ತೆ ಪುಟಿಸಲು ಹೋದರು, ಕಳೆದುಕೊಂಡರು. ಸ್ವಲ್ಪದರಲ್ಲೇ ಸೋತೆವು. ಸೀಟಿ ಊದುವವರೆಗೂ ಹಟ್ಟಿಯ ಹುಡುಗಿ ನನ್ನ ಪಕ್ಕದಲ್ಲಿ ಕೂತು, ನನ್ನನ್ನು ಬಿಟ್ಟು ಎಲ್ಲರ ಹೆಸರು ಕೂಗುತ್ತಿದ್ದಳು.

ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಗಾಯಕ್ಕೆ ಅರಿಸಿನ ಒತ್ತಿ ನನ್ನ ಸೆರಗಿನ ತುಂಡು ಕಟ್ಟಿದ್ದೆ. ನಾಯಕಿ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದೆ ತಳ್ಳಿದಳು. "ಇಟ್ಕಳೇ. ನಮ್ಮನೇಲಿ ಬೇರೆ ಅವೆ." ಅವಳು ಬೇಡವೆನ್ನಲಿಲ್ಲ.

ಹೊಳಲ್ಕೆರೆ ಹತ್ತಿರ ರಸ್ತೆಯ ಬದಿಗೆ ಕಂಬಳಿ ಕಂಡಿತು. ಬಸ್ಸು ನಿಂತಿತು. ಕಂಡಕ್ಟರು ಬೇಗ ಬೇಗ ಎಂದರೂ ನಾನೂ ಅವಳ ಜೊತೆ ಇಳಿದೆ. ಅಪ್ಪ ಮೊದಲು ಮಗಳ ಮುಖ ನೋಡಲಿಲ್ಲ. ಕುಂಟುವ ಕುರಿಯನ್ನು ನೋಡುವ ಹಾಗೆ ಕೂತು, ಅವಳ ಕಾಲೆತ್ತಿ, ಬಟ್ಟೆ ಸರಿಸಿ ನೋಡಿದ.

"ಎಲ್ಡ್ ದಿನ ಬಿಡಾರದಾಗ ಕೂತ್ರೆ ಒಣಗ್ತೈತೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ಬಸ್ ನಿಲ್ಲಲಿಲ್ಲ ತಾಯಿ. ಮಂದ್ಯಾಗ ಎಲ್ಲಾರ್ಗೂ ಹೇಳ್ದೆ, ನಮ್ಮ ಹುಡ್ಗಿ ದುರ್ಗದಾಗ ಗೆದ್ದೈತೆ ಅಂತ" ಎಂದ. "ಇವತ್ತೂ ನಿಲ್ಲಲ್ಲ ಅಂದ್ಕಂಡಿದ್ದೆ."

ಆಗ ಹುಡುಗಿ ಮಧ್ಯಾಹ್ನದಿಂದ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಎದ್ರಿನೋರ ಪೈಕಿ ಆ ಉದ್ದ ಜಡೆಯೋಳು ಎಡಚಿ ಟೀಚರ್. ಅವ್ಳನ್ನ ಬಲಗಡೀಗೆ ತಳ್ಬೇಕಿತ್ತು. ನಾನು ಕೂತ್ಕಂಡಾಗ ಗೊತ್ತಾತು."

"ಮುಂದಿನ ವರ್ಷ ತಳ್ಳಾಣ" ಎಂದೆ.

"ಹ್ಞೂಂ" ಎಂದಳು. ಚಪ್ಪಲಿ ಅವಳಿಗೆ ದೊಡ್ಡದಿತ್ತು. ಅಪ್ಪನ ಹಿಂದೆ ಹೊಲಕ್ಕೆ ಇಳಿದಳು. ಬಸ್ಸು ಹೊರಟಾಗ ಮಂದೆಯ ಧೂಳಿನಲ್ಲಿ ಅವಳು ಯಾವ ಕಡೆ ಹೋದಳೆಂದು ಕಾಣಲಿಲ್ಲ.

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ತಾತ ನಿಂತಿದ್ದರು. ನನ್ನ ಮುಖ ನೋಡಿದರು. ಚೆಂಡನ್ನು ಇಸಿದುಕೊಂಡು, ಮಗುವನ್ನು ಎತ್ತಿಕೊಂಡಂತೆ ಹೆಗಲಿಗೆ ಒರಗಿಸಿಕೊಂಡು ಮುಂದೆ ನಡೆದರು.

ಮಳೆ ಬಿದ್ದ ಮೇಲೆ ಹಟ್ಟಿಯವರು ತಿರುಗಿ ಬಂದರು. ಅವಳು ಬರಲಿಲ್ಲ. ಕಾಲುವೆ ಸೀಮೆಯಲ್ಲೇ ಒಂದು ಮನೆಗೆ ಮದುವೆ ಮಾಡಿಕೊಟ್ಟೆವೆಂದು ಅಪ್ಪ ಹೇಳಿದ, ಒಳ್ಳೆಯ ಜನ ಎಂದ. ಊರಿನ ಹೆಸರು ಹೇಳಿದ್ದ, ನಾನು ಮರೆತೆ. ಆಟ ಮುಂದುವರಿಯಿತು. ಆಮೇಲೆ ಬಂದ ಹುಡುಗಿಯರಿಗೂ ಕಲಿಸಿದೆ, ಕೆಲವು ಸಲ ಗೆದ್ದೆವು. ಗೆದ್ದ ಸಂಜೆಗಳಲ್ಲಿ ನನಗೆ ಮಾತ್ರ ಬಸ್ಸು ಹೊರಡುವ ಸದ್ದು ಕೇಳುತ್ತಿತ್ತು.

ಈಗಲೂ ದುರ್ಗದ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದು ಬಸ್ಸು ನಿಂತರೆ ಜನ ಬೈಯುತ್ತಾರೆ. ನಾನು ಕಿಟಕಿಯ ಕಡೆ ಸರಿಯುತ್ತೇನೆ. ಮಂದೆ ಪೂರ್ತಿ ಹಾಯುವವರೆಗೆ, ಹಿಂದೆ ಬರುವ ಹೆಂಗಸರ ಕಾಲು ನೋಡುತ್ತೇನೆ. ಅವಳಿಗೂ ಮೊಮ್ಮಕ್ಕಳಿರುವ ವಯಸ್ಸು ಎನ್ನುವುದು ಬಸ್ಸು ಹೊರಟ ಮೇಲೆ ನೆನಪಾಗುತ್ತದೆ. ನಾನು ಹುಡುಕುತ್ತಿದ್ದದ್ದು ಒಂಬತ್ತನೆಯ ತರಗತಿಯ ಹುಡುಗಿಯ ಕಾಲು.